ಮೇಕೆ ತಿಂದ ನಿಂಬೆಗಿಡ

ಮಗಳ ಫೋನು ಬಂದಾಗ ಮೇಸ್ತ್ರಿ ಹಿತ್ತಲ ಮೆಟ್ಟಿಲ ಮೇಲೆ ಕೂತು ಟೀ ಕುಡಿಯುತ್ತಿದ್ದ.

"ಅಪ್ಪಾ, ನಾಳೆ ಬೆಳಿಗ್ಗೆ ಹತ್ತಕ್ಕೆ ಒಂದು ಲೋಡ್ ಮರಳು ಬರ್ತಿದೆ. ನಮ್ಮ ಹಿತ್ತಲ ಮಣ್ಣು ಬರೀ ಜೇಡಿ, ಗುದ್ದಲಿಗೆ ಅಂಟಿಕೊಂಡ್ರೆ ಬಿಡೋದೇ ಇಲ್ಲ. ಮರಳು ಬೆರೆಸಿದ್ರೆ ಸಡಿಲ ಆಗುತ್ತಂತೆ, ನಿನ್ನ ಅಳಿಯ ಎಲ್ಲೋ ಕೇಳಿಕೊಂಡು ಬಂದಿದ್ದಾರೆ. ಮರಳು ಬೆರೆಸೋದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೀನೇ ಬಂದು ಎಷ್ಟಕ್ಕೆ ಎಷ್ಟು ಅಂತ ಹೇಳಿಬಿಡು. ಮಧ್ಯಾಹ್ನಾನೇ ಅಮ್ಮನ ನಿಂಬೆ ನೆಟ್ಟುಬಿಡೋಣ."

ಮೇಸ್ತ್ರಿಯ ಕೈಯಲ್ಲಿ ಟೀ ಆರಿತು. "ಮರಳು ಬೇಡ" ಎಂಬ ಎರಡು ಪದ ನಾಲಿಗೆಯ ತುದಿಗೆ ಬಂದವು. ಆದರೆ ಬೇಡ ಅಂದರೆ ಯಾಕೆ ಬೇಡ ಎಂದು ಅವಳು ಕೇಳುತ್ತಾಳೆ, ಆ ಯಾಕೆಗೆ ಉತ್ತರವನ್ನು ಅವನು ನಲವತ್ತು ವರ್ಷದಿಂದ ಮಕ್ಕಳಿಗೆ ಹೇಳಿರಲಿಲ್ಲ. "ಬರ್ತೀನಿ. ನಾನು ಬರೋವರೆಗೂ ಏನನ್ನೂ ಮುಟ್ಟಬೇಡಿ" ಎಂದು ಫೋನು ಇಟ್ಟ.

ಅಮ್ಮನ ನಿಂಬೆ ಎಂದರೆ ಮೇಸ್ತ್ರಿಯ ಹೆಂಡತಿ ಬೆಳೆಸಿದ ಮರದ ಕುಡಿ. ಹೋದ ವರ್ಷ ಹೆಂಡತಿ ತೀರಿಕೊಂಡಳು. ಅದಾದ ಮೇಲೆ, ವಯಸ್ಸೂ ಆಗಿತ್ತೆನ್ನಿ, ಮರ ಒಂದು ಕಡೆಯಿಂದ ಒಣಗತೊಡಗಿತು. ಮಗಳು ಬಂದು ಮೂರು ರೆಂಬೆಗಳ ತೊಗಟೆ ಕೆರೆದು, ಒದ್ದೆ ಮಣ್ಣು ಮೆತ್ತಿ, ಬಟ್ಟೆ ಸುತ್ತಿ ಗೂಟಿ ಕಟ್ಟಿದಳು. ಎರಡು ಕೈಕೊಟ್ಟವು, ಒಂದು ಬೇರು ಬಿಟ್ಟಿತು. ಬೇಸಿಗೆ ಮುಗಿಯುವಷ್ಟರಲ್ಲಿ ಮರ ಪೂರ್ತಿ ಸೌದೆಯಾಯಿತು. ಈಗ ಆ ವಂಶದಲ್ಲಿ ಉಳಿದಿರುವುದು ಮಗಳ ಮನೆಯಲ್ಲಿ, ಹಳೇ ಪೇಂಟಿನ ಬಕೆಟ್ಟಿನಲ್ಲಿ ನಿಂತಿರುವ ಮೊಳದುದ್ದದ ಒಂದೇ ಒಂದು ಗಿಡ. ನಾಳೆ ಅದನ್ನು ಮರಳಿಗೆ ಹಾಕುತ್ತಾರಂತೆ.

ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಕೂತ. ಕೈಯಲ್ಲಿ ಚೀಲವಿಲ್ಲ, ಬುತ್ತಿಯಿಲ್ಲ, ಒಂದು ತುಕ್ಕು ಹಿಡಿದ ಕಬ್ಬಿಣದ ಕಂಬಿ.

"ಅದಕ್ಕೂ ಟಿಕೆಟ್ ಹರೀಲಾ ತಾತ?" ಎಂದ ಕಂಡಕ್ಟರ್.

"ಹರಿ. ನಿನಗಿಂತ ವಯಸ್ಸಲ್ಲಿ ದೊಡ್ಡದು ಇದು" ಎಂದ ಮೇಸ್ತ್ರಿ.

ಕಂಬಿಯ ಮೈಮೇಲೆ ಉಳಿಯಿಂದ ಹೊಡೆದ ಗೆರೆಗಳಿದ್ದವು. ಬಸ್ಸು ಹೊರಟ ಮೇಲೆ ಅವನ ಹೆಬ್ಬೆರಳು ಕೆಳಗಿನ ಗೆರೆಯಿಂದ ಒಂದೊಂದನ್ನೇ ಸವರುತ್ತ ಹೋಯಿತು. ಎರಡು ಗಂಟೆಯ ದಾರಿ. ನೆನೆಯುವುದಕ್ಕೆ ಬೇಕಾದಷ್ಟು ಹೊತ್ತು.

ಅವನನ್ನು ಊರೆಲ್ಲ ರಸಮಟ್ಟದ ಮೇಸ್ತ್ರಿ ಎಂದೇ ಕರೆಯುತ್ತಿದ್ದದ್ದು. ಗಾಜಿನ ನಳಿಗೆಯಲ್ಲಿ ನೀರಿನ ಗುಳ್ಳೆ ಓಡಾಡುವ, ಗೋಡೆ ನೆಲಗಳ ಮಟ್ಟ ನೋಡುವ ಆ ಗೇಣುದ್ದದ ಉಪಕರಣ ಸದಾ ಅವನ ಜೇಬಿನಲ್ಲಿ. ಹೋಟೆಲಿಗೆ ಹೋದರೆ ಮೇಜಿನ ಮೇಲೆ ಅದನ್ನಿಟ್ಟು ನೋಡಿ, ಗುಳ್ಳೆ ನಡುವೆ ನಿಲ್ಲುವವರೆಗೆ ಕಾಲಿನ ಕೆಳಗೆ ಕಾಗದ ಮಡಿಸಿ ತುರುಕಿ, ಆಮೇಲೆ ತಿಂಡಿ ಹೇಳುವವನು. ಮದುವೆಯಾದ ಹೊಸದರಲ್ಲಿ ಹೆಂಡತಿ, "ನನ್ನ ತಲೆ ಮೇಲೊಂದು ಇಟ್ಟು ನೋಡಿಲ್ಲ ನೀವು" ಎಂದು ಛೇಡಿಸಿದ್ದಳು. ಮಾರನೇ ದಿನ ಅವಳು ಬಗ್ಗಿ ಗುಡಿಸುತ್ತಿದ್ದಾಗ ಬೆನ್ನ ಮೇಲೆ ಇಟ್ಟು ನೋಡಿಯೇಬಿಟ್ಟ. ಅಂಥವನು. ಅವನು ಹಾಕಿದ ನೆಲದ ಮೇಲೆ ಗೋಲಿ ಬಿಟ್ಟರೆ ಅದು ಯಾವ ಕಡೆ ಉರುಳಲಿ ಎಂದು ತಿಳಿಯದೆ ನಿಲ್ಲುತ್ತದೆ ಎಂಬ ಮಾತಿತ್ತು. ಆ ಹೆಮ್ಮೆ ಅವನಿಗೂ ಇತ್ತು, ಬೇಕಾದದ್ದಕ್ಕಿಂತ ಒಂದು ಹಿಡಿ ಜಾಸ್ತಿಯೇ.

ಊರಾಚೆ ಇಟ್ಟಿಗೆ ಗೂಡು ಮುಚ್ಚಿದ ಮೇಲೆ ಆ ಜಾಗವನ್ನು ಸೈಟು ಮಾಡಿ ಅಗ್ಗಕ್ಕೆ ಮಾರಿದರು. ಮೇಸ್ತ್ರಿ ಒಂದನ್ನು ಕೊಂಡು, ಭಾನುವಾರಗಳಲ್ಲಿ ಒಂದೊಂದೇ ವರಸೆ ಕಟ್ಟಿ, ಎರಡು ಕೋಣೆ, ಒಂದು ಅಡಿಗೆಮನೆ ಮಾಡಿಕೊಂಡ. ಇಟ್ಟಿಗೆಯವರು ಆ ಜಾಗ ಹುಡುಕಿದ್ದೇ ಅಲ್ಲಿನ ಜೇಡಿಮಣ್ಣಿಗಾಗಿ. ಇಟ್ಟಿಗೆಗೆ ಒಳ್ಳೆಯ ಮಣ್ಣು ಗಿಡಕ್ಕೆ ಒಳ್ಳೆಯದಲ್ಲ ಎಂಬ ಸಣ್ಣ ವಿಷಯ ಅವನ ತಲೆಗೆ ಹೊಳೆಯಲಿಲ್ಲ. ಮಳೆ ಬಂದರೆ ಹಿತ್ತಲು ಚಪ್ಪಲಿಯನ್ನು ಕಿತ್ತುಕೊಂಡು ಕೊಡುತ್ತಲೇ ಇರಲಿಲ್ಲ. ಬಿಸಿಲು ಬಂದರೆ ಹೆಂಡತಿಯ ಕೈ ಮಣಿಕಟ್ಟಿನವರೆಗೆ ಇಳಿಯುವಷ್ಟು ಬಿರುಕು.

ಅವಳು ತವರಿನಲ್ಲಿ ನಿಂಬೆಮರದ ಕೆಳಗೆ ಬೆಳೆದವಳು. ಅವಳು ಹುಟ್ಟಿದ ವರ್ಷ ಅವಳಪ್ಪ ನೆಟ್ಟದ್ದು. ಅಪ್ಪ ಹೋದರು, ಮನೆ ಮಾರುವ ಹೊತ್ತು ಬಂತು. ಕೊಂಡವರು ಗೋದಾಮು ಕಟ್ಟುವವರು, ಮರ ಉಳಿಯುವ ಮಾತೇ ಇರಲಿಲ್ಲ. ಅವಳು ಎರಡು ಗೂಟಿ ಕಟ್ಟಿ, ಬೇರು ಬಂದ ಮೇಲೆ ಎರಡು ಎಣ್ಣೆ ಡಬ್ಬಗಳಲ್ಲಿ ನೆಟ್ಟು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಳು. ಆಮೇಲೆ ಮನೆ ಖಾಲಿ ಮಾಡಿಸಿ, ಅಮ್ಮನನ್ನು ಸದ್ಯಕ್ಕೆ ಅಕ್ಕನ ಮನೆಯಲ್ಲಿ ಬಿಟ್ಟುಬರಲು ಎರಡು ವಾರಕ್ಕೆ ಹೋದಳು.

ಆ ಎರಡು ವಾರದಲ್ಲಿ ಮೇಸ್ತ್ರಿಗೆ ಹೆಂಡತಿಯ ಮೇಲೆ ಪ್ರೀತಿ ಉಕ್ಕಿತು. ಬರುವಷ್ಟರಲ್ಲಿ ಹಿತ್ತಲನ್ನು ಸರಿಮಾಡಿ ಬೆರಗುಗೊಳಿಸಬೇಕು ಎಂದುಕೊಂಡ. ಜೇಡಿ ಅಂಟುತ್ತದೆಯೆ? ಅಂಟಿಗೆ ಮದ್ದು ಮರಳು. ಗಾರೆ ಕೆಲಸದವನಿಗೆ ಲೋಕದ ಸಕಲ ರೋಗಕ್ಕೂ ಮದ್ದು ಮರಳು. ಮೂರು ಬುಟ್ಟಿ ಜೇಡಿಗೆ ಒಂದು ಬುಟ್ಟಿ ಮರಳು ಹಾಕಿದ, ಮಿಕ್ಕಿದ್ದ ಸುಣ್ಣವನ್ನೂ ಸೇರಿಸಿದ, ನೀರು ಬಿಟ್ಟ, ಕಾಲಲ್ಲಿ ತುಳಿದು ಹದ ಮಾಡಿದ. ಪಾತಿ ಕಟ್ಟಿ, ದಿಮ್ಮಸಿನಿಂದ ಬಡಿದು ಬಡಿದು ಕೂರಿಸಿ, ಮೇಲೆ ರಸಮಟ್ಟ ಇಟ್ಟು ನೋಡಿದ. ಗುಳ್ಳೆ ನಟ್ಟನಡುವೆ ನಿಂತಿತು. ಒಂದು ಗಿಡವನ್ನು ಅದರಲ್ಲಿ ನೆಟ್ಟ. ಇನ್ನೊಂದನ್ನು ಮುಂಬಾಗಿಲ ಹತ್ತಿರ ಇಂಥದೇ ಪಾತಿ ಮಾಡಿ ನೆಡೋಣವೆಂದು ಬಿಟ್ಟ. ಬಿಟ್ಟದ್ದು ಪುಣ್ಯ.

ಹೆಂಡತಿ ಬಂದು ನೋಡಿದಳು. "ಮಟ್ಟ ಸರಿಯಾಗಿದೆ" ಎಂದಳು. ಅವನು ಅದನ್ನು ಹೊಗಳಿಕೆ ಎಂದುಕೊಂಡ.

ಹಾಕಿದ ನೀರು ಪಾತಿಯಲ್ಲಿ ಕೆರೆಯ ಹಾಗೆ ನಿಂತಿತು. ನೀರು ಆರಿದ ಮೇಲೆ ಪಾತಿ ಕಲ್ಲಾಯಿತು. ಕಾಲಲ್ಲಿ ಒದ್ದರೆ ಹೆಬ್ಬೆರಳು ಮುರಿಯಬೇಕು, ಹಾಗೆ. ಮೂರು ತಿಂಗಳಿಗೆ ಗಿಡ ಕಡ್ಡಿಯಾಯಿತು. ಅವಳು ಅದನ್ನು ಬಿಡಿಸಿ ತೆಗೆದು, ನಲ್ಲಿಯ ಕೆಳಗೆ ಬೇರು ತೊಳೆದು ನೋಡಿದಳು. ಡಬ್ಬದಿಂದ ಬಂದಾಗ ಎಷ್ಟಿತ್ತೋ ಅಷ್ಟೇ ಇತ್ತು, ಒಂದು ಬೆರಳೂ ಮುಂದೆ ಹೋಗಿರಲಿಲ್ಲ.

"ಪಾಪ, ಎಲ್ಲಿಗೂ ಹೋಗೋಕೆ ಆಗ್ಲಿಲ್ಲ ಇದಕ್ಕೆ" ಎಂದಳು. ಅಷ್ಟೇ.

ಬೈದಿದ್ದರೆ ಎರಡು ದಿನದಲ್ಲಿ ಮುಗಿಯುತ್ತಿತ್ತು. ಅವಳು ಬೈಯಲಿಲ್ಲ. ಅಷ್ಟರಲ್ಲಿ ತವರಿನ ಮರವನ್ನು ಕಡಿದ ಸುದ್ದಿಯೂ ಬಂದಿತ್ತು. ಇನ್ನು ಉಳಿದದ್ದು ಡಬ್ಬದ ಗಿಡವೊಂದೇ. ಅದೂ ಹೋದರೆ ಇವಳ ಮುಖವನ್ನು ಹೇಗೆ ನೋಡುವುದು ಎಂದು ಮೇಸ್ತ್ರಿಗೆ ಊಟ ಸೇರಲಿಲ್ಲ.

ಊರಿನ ಸ್ಮಶಾನದ ಕಾಂಪೌಂಡನ್ನು ಕಟ್ಟಿದವನು ಅವನೇ. ಅಲ್ಲಿ ಗುಂಡಿ ತೋಡುವ ಮುದುಕನೊಬ್ಬನಿದ್ದ. ಮಣ್ಣಿನ ವಿಷಯ ಅವನಿಗೆ ತಿಳಿದಷ್ಟು ಯಾರಿಗೆ ತಿಳಿದೀತು ಎಂದು ಮೇಸ್ತ್ರಿ ಒಂದು ಕಬ್ಬಿಣದ ಕಂಬಿಯನ್ನು ಊರುಗೋಲಿನಂತೆ ಹಿಡಿದುಕೊಂಡು ಹೋದ. ಕತೆ ಕೇಳಿ ಮುದುಕ ಹೊಟ್ಟೆ ಹಿಡಿದುಕೊಂಡು ನಕ್ಕ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ದೀಯಲ್ಲ! ಜೇಡಿಗೆ ಒಂದಿಷ್ಟು ಮರಳು ಹಾಕಿ ತುಳಿದ್ರೆ ಏನಾಗುತ್ತೆ ಅಂತ ಇಟ್ಟಿಗೆ ಕೊಯ್ಯೋರನ್ನ ಕೇಳಬೇಕಿತ್ತು. ಕೊಡು ಆ ಕಂಬಿ."

ಮುದುಕ ಗೇಟಿನ ಬಳಿ ನೆಲಕ್ಕೆ ಕಂಬಿ ಒತ್ತಿದ. ಎರಡು ಬೆರಳು ಇಳಿದು ನಿಂತಿತು. ಆಮೇಲೆ ಹಿಂದಿನ ಮೂಲೆಗೆ ಕರೆದೊಯ್ದು, ದೊಡ್ಡ ಮರಗಳ ಕೆಳಗೆ, ಕಾಲು ಹೂತುಹೋಗುವ ತರಗೆಲೆಯ ನಡುವೆ ಒತ್ತಿದ. ಕಂಬಿ ಮೊಳದುದ್ದ ಇಳಿದುಹೋಯಿತು.

"ಇದು ಬೇರೆ ಮಣ್ಣು" ಎಂದ ಮೇಸ್ತ್ರಿ.

"ಒಂದೇ ಮಣ್ಣು. ಅಲ್ಲಿ ಗುಡಿಸ್ತೀನಿ, ಇಲ್ಲಿ ಗುಡಿಸಲ್ಲ. ಅಷ್ಟೇ."

ಮುದುಕ ಆ ದಿನ ಹೇಳಿದ್ದನ್ನೆಲ್ಲ ಮೇಸ್ತ್ರಿ ಮನೆಗೆ ಬಂದು ಹೆಂಡತಿಗೆ ಒಪ್ಪಿಸಿದ. ಎಲೆ, ಸಿಪ್ಪೆ, ಹಳೇ ಗೊಬ್ಬರ, ಕೊಳೆಯುವಂಥದ್ದು ಏನೇ ಇರಲಿ ಮೇಲೆ ಹಾಸುತ್ತಿರಬೇಕು. ಒದ್ದೆ ಮಣ್ಣನ್ನು ಅಗೆಯಕೂಡದು. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಉಂಡೆಮಾಡಿ ಹೆಬ್ಬೆರಳಿಂದ ಒತ್ತಬೇಕು, ಉಂಡೆ ಉದುರಿದರೆ ಅಗೆಯಬಹುದು, ಮೆತ್ತಗೆ ತಗ್ಗು ಬಿದ್ದರೆ ಗುದ್ದಲಿ ಒಳಗಿಡಬೇಕು. ಪಾತಿಯ ಮೇಲೆ ಯಾರೂ ಕಾಲಿಡಬಾರದು. ಎರೆಹುಳು ಬಂದರೆ ಉಳಿದ ಕೆಲಸವನ್ನು ಅವೇ ನೋಡಿಕೊಳ್ಳುತ್ತವೆ. ಎಷ್ಟು ದಿನ ಎಂದು ಕೇಳಿದ್ದಕ್ಕೆ ಎರಡು ವರ್ಷ, ಮೂರು ವರ್ಷ ಎಂದನಂತೆ. ಗಿಡ ಡಬ್ಬದಲ್ಲಿದೆ ಎಂದರೆ, "ಹಾಗಾದ್ರೆ ಡಬ್ಬಕ್ಕೆ ಹೇಳು, ಕಾಯೋಕೆ" ಎಂದನಂತೆ.

ಮಾರನೇ ದಿನ ಮೇಸ್ತ್ರಿ ಹಾರೆ ಹಿಡಿದು ತನ್ನ ಪಾತಿಯನ್ನು ತಾನೇ ಒಡೆದ. ತಾನು ಮಾಡಿದ ಕೆಲಸವನ್ನು ಜೀವಮಾನದಲ್ಲಿ ತಾನೇ ಒಡೆದದ್ದು ಅದೊಂದೇ ಸಲ. ಒಳ್ಳೇ ಗಟ್ಟಿ ಕೆಲಸ, ಸುಲಭಕ್ಕೆ ಒಡೆಯಲಿಲ್ಲ. ಹೆಂಟೆಗಳನ್ನು ಹೊತ್ತು ಬೀದಿಯ ಗುಂಡಿಗಳಿಗೆ ತುಂಬಿದ. ಬೀದಿಯವರು ಮೇಸ್ತ್ರಿ ಧರ್ಮಕ್ಕೆ ರಸ್ತೆ ಮಾಡಿಸಿದ ಎಂದು ಕೊಂಡಾಡಿದರು.

ಅಲ್ಲಿಂದ ಹೆಂಡತಿಯ ಕಾಲ ಶುರುವಾಯಿತು. ಬೆಳಿಗ್ಗೆ ಬುಟ್ಟಿ ಹಿಡಿದು ಬೀದಿಯ ಈ ತುದಿಯಿಂದ ಆ ತುದಿಗೆ ಹೋಗುವಳು. ಬಾಳೆಹಣ್ಣಿನ ಸಿಪ್ಪೆ, ಬಟಾಣಿ ಸಿಪ್ಪೆ, ಟೀ ಅಂಗಡಿಯ ಚರಟ, ಶಾಲೆಯ ಅಂಗಳದ ಎಲೆ. ಮೊದಮೊದಲು ಜನ ಮೂಗು ಮುರಿದರು. ಆಮೇಲೆ "ಸಿಪ್ಪೆಯಮ್ಮ ಬಂದ್ರು" ಎಂದು ತಾವೇ ಕಟ್ಟಿಟ್ಟು ಕೊಡತೊಡಗಿದರು. ಕೊಡುವಾಗ ಒಂದು ಮಾತು, ತೆಗೆದುಕೊಳ್ಳುವಾಗ ಒಂದು ಮಾತು. ಯಾರ ಮನೆ ಸೊಸೆಗೆ ವಾಂತಿ, ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ ಎಂಬುದೆಲ್ಲ ಅವಳಿಗೆ ಸಿಪ್ಪೆಯಿಂದಲೇ ತಿಳಿಯುತ್ತಿತ್ತು. ಒಂದು ಮನೆಯವರು ಮೂರು ದಿನ ಸಿಪ್ಪೆಯೇ ಕೊಡದಿದ್ದಾಗ ಇವಳು ಸದ್ದಿಲ್ಲದೆ ಅಲ್ಲಿಗೊಂದು ಚೀಲ ತರಕಾರಿ ಇಟ್ಟು ಬಂದಿದ್ದಳು. ಮೇಸ್ತ್ರಿ ಪಾತಿಗೆ ಅಡ್ಡಲಾಗಿ ಇಟ್ಟಿಗೆಯ ಮೇಲೆ ಹಲಗೆ ಹಾಕಿಕೊಟ್ಟ. ಆ ಹಲಗೆ ಬಿಟ್ಟು ಕಾಲಿಟ್ಟವರಿಗೆ, ಗಂಡನಾಗಲಿ ಮಕ್ಕಳಾಗಲಿ, ಬೆನ್ನಿಗೊಂದು ಬೀಳುತ್ತಿತ್ತು.

ವರ್ಷಕ್ಕೊಂದು ಸಲ, ಮೊದಲ ಮಳೆ ಬಂದ ವಾರದ ಮೇಲೆ, ಅದೇ ಕಂಬಿಯನ್ನು ಅವಳು ಪಾತಿಗೆ ಒತ್ತುವಳು. ಎಷ್ಟು ಇಳಿಯಿತೋ ಅಲ್ಲಿಗೆ ಮೇಸ್ತ್ರಿ ಉಳಿಯಿಂದ ಗೆರೆ ಹೊಡೆಯುವನು. ಮೊದಲನೇ ಗೆರೆ ಎರಡು ಬೆರಳು. ಎರಡನೇ ವರ್ಷ ಒಂದು ಗೇಣು.

ಡಬ್ಬದ ಗಿಡ ಅಷ್ಟು ಕಾಯುವ ಹಾಗೆ ಕಾಣಲಿಲ್ಲ. ಬೇರು ಡಬ್ಬದೊಳಗೆ ಸುತ್ತಿ ಸುತ್ತಿ ಉಸಿರುಗಟ್ಟಿತ್ತು, ಎಲೆ ಹಳದಿಯಾಗಿ ಉದುರುತ್ತಿತ್ತು. ಮೇಸ್ತ್ರಿ ಕೆಲಸಕ್ಕೆ ಹೊರಡುವ ಮುಂಚೆ ಎಲೆ ಎಣಿಸುವನು. ಕೆಲಸದ ಜಾಗದಲ್ಲಿ ಆಳುಗಳು, "ಇವತ್ತೆಷ್ಟು ಮೇಸ್ತ್ರಿ?" ಎನ್ನುವರು. "ಹನ್ನೊಂದು." ಮರುವಾರ, "ಏಳು." ನಾಲ್ಕಾದ ದಿನ ಯಾರೂ ಕೇಳಲಿಲ್ಲ, ಅವನ ಮುಖವೇ ಹೇಳುತ್ತಿತ್ತು. ಅವತ್ತು ಸಂಜೆ ಹೆಂಡತಿ, "ಇನ್ನು ಕಾಯೋಕಾಗಲ್ಲ. ನಾಳೆ ನೆಡೋಣ" ಎಂದಳು.

"ಮಣ್ಣು ಇನ್ನೂ ಮೊಳ ಇಳಿದಿಲ್ಲ."

"ಗೇಣು ಇಳಿದಿದೆಯಲ್ಲ. ಮೇಲಕ್ಕೆ ಗುಡ್ಡೆ ಮಾಡಿ ನೆಟ್ಟರೆ ನೀರು ನಿಲ್ಲಲ್ಲ, ಬೇರಿಗೆ ಜಾಗಾನೂ ಸಿಗುತ್ತೆ."

ಮರುದಿನ ಅವಳು ಮೊದಲು ಮಾಡಿದ್ದು ಗಂಡನ ಜೇಬಿಗೆ ಕೈಹಾಕಿ ರಸಮಟ್ಟವನ್ನು ಎತ್ತಿಕೊಂಡದ್ದು. "ಇವತ್ತು ಇದು ನನ್ನ ಹತ್ರ ಇರಲಿ" ಎಂದು ಸೆರಗಿಗೆ ಗಂಟು ಹಾಕಿಕೊಂಡಳು. ಅವನು ತಗಡಿನ ಕತ್ತರಿಯಿಂದ ಡಬ್ಬವನ್ನು ಕತ್ತರಿಸಿದ. ಅವಳು ಸುತ್ತಿಕೊಂಡ ಬೇರುಗಳನ್ನು, ಮಗಳ ಸಿಕ್ಕು ಬಿಡಿಸುವ ಹಾಗೆ, ಒಂದೊಂದೇ ಬಿಡಿಸಿ ಕಪ್ಪು ಗುಡ್ಡೆಯ ಮೇಲೆ ಹರಡಿ ಮುಚ್ಚಿದಳು. ಗುಡ್ಡೆ ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು. ಅದನ್ನು ನೋಡಿ ಮೇಸ್ತ್ರಿಯ ಕೈ ಕಡಿಯುತ್ತಿತ್ತು, ಆದರೂ ಹಿಂದಕ್ಕೆ ಕಟ್ಟಿಕೊಂಡು ನಿಂತ. ನಾಲ್ಕು ಎಲೆಯಲ್ಲಿ ಇನ್ನೊಂದು ಉದುರಿತು. ಇಪ್ಪತ್ತೆರಡನೇ ದಿನ ಕಡ್ಡಿಯ ಪಕ್ಕದಲ್ಲಿ ಎಳ್ಳಿನಷ್ಟು ಹಸಿರು ಕಾಣಿಸಿತು. ಅವತ್ತು ಕೆಲಸದಲ್ಲಿ ಆಳುಗಳು ಕೇಳುವ ಮುಂಚೆಯೇ ಅವನು, "ಮೂರೂಕಾಲು!" ಎಂದು ಕೂಗಿದ.

ನಾಲ್ಕು ವರ್ಷಕ್ಕೆ ಮೊದಲ ಕಾಯಿ. ಅಷ್ಟರಲ್ಲಿ ಇಲ್ಲಿಗೇ ಬಂದು ನೆಲೆಸಿದ್ದ ಅತ್ತೆ, ಹೆಂಡತಿಯ ಅಮ್ಮ, ಅದನ್ನು ಕೊಯ್ದು ನಾಲಿಗೆಗೆ ಹಚ್ಚಿ, "ಅದೇ ಹುಳಿ" ಎಂದು ಕಣ್ಣೊರೆಸಿಕೊಂಡರು. ಎರಡನೇ ಕಾಯಿಯನ್ನು ಮೇಸ್ತ್ರಿ ಸ್ಮಶಾನದ ಮುದುಕನಿಗೆ ಕೊಟ್ಟು ಬಂದ. ಅತ್ತೆ ಕೊನೆಯವರೆಗೂ ಅವರ ಮನೆಯಲ್ಲೇ ಇದ್ದರು. ಒಳ್ಳೆಯ ಹೆಂಗಸು, ಆದರೆ ಅದೇಕೋ ಬೀದಿಯಲ್ಲಿ ಮೇಕೆ ಕಂಡರೆ ಕೋಲು ಹಿಡಿದು ಓಡುತ್ತಿದ್ದರು. ವಯಸ್ಸಾದವರ ಚಾಳಿ ಎಂದು ಮೇಸ್ತ್ರಿ ಸುಮ್ಮನಿದ್ದ. ಹೆಂಡತಿಯ ಅಕ್ಕಂದಿರು, ಭಾವಂದಿರು ಬಂದಾಗಲೂ ಅಷ್ಟೆ, ಯಾರೂ ಆ ಮೊದಲ ಗಿಡದ ಮಾತೆತ್ತಿ ಅವನನ್ನು ಚುಚ್ಚಲಿಲ್ಲ. ಎಲ್ಲರಿಗೂ ಗೊತ್ತಿದೆ, ದೊಡ್ಡ ಮನಸ್ಸು ಮಾಡಿ ಸುಮ್ಮನಿದ್ದಾರೆ ಎಂದು ಅವನು ಬಂಧುಗಳ ನಡುವೆ ಸದಾ ಒಂದು ಮೂಲೆ ಹಿಡಿದು ಕೂರುತ್ತಿದ್ದ.

ಆ ದಿನಗಳು ಎಷ್ಟು ಚೆನ್ನಾಗಿದ್ದವು. ಸಂಜೆ ಕೆಲಸದಿಂದ ಬಂದು ಸಿಮೆಂಟು ಮೆತ್ತಿದ ಕೈ ತೊಳೆದರೆ, ಅವಳು ಮಣ್ಣು ಮೆತ್ತಿದ ಕೈಯಲ್ಲೇ ಟೀ ಕೊಡುವಳು. ಕಂಬಿಯ ಗೆರೆಗಳು ವರ್ಷವರ್ಷಕ್ಕೂ ಮೇಲೇರಿ, ಕೊನೆಗೆ ಗೆರೆ ಹೊಡೆಯಲು ಜಾಗವೇ ಉಳಿಯಲಿಲ್ಲ. ಅವಳು ಹೋದ ಮೇಲೆ ಈ ವರ್ಷ ಅವನೊಬ್ಬನೇ ಕಂಬಿ ಒತ್ತಿದ. ನೆಲ ಗಟ್ಟಿಯಿದ್ದ ಕಾಲದ ಎಣಿಕೆಯಲ್ಲಿ ಮೈಭಾರವೆಲ್ಲ ಹಾಕಿದ್ದಕ್ಕೆ ಅದು ಸರ್ರನೆ ಇಳಿದು, ಮುಗ್ಗರಿಸಿ ಮಂಡಿಯ ಮೇಲೆ ಬಿದ್ದ. ಎದ್ದೇಳಲು ಮನಸ್ಸಾಗದೆ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದ.

ಬಸ್ಸು ಅರ್ಧ ಗಂಟೆ ತಡವಾಗಿ ತಲುಪಿತು. ಮೇಸ್ತ್ರಿ ಬೀದಿ ತಿರುಗುವಾಗ ಲಾರಿ ಆಗಲೇ ಮಗಳ ಮನೆಯ ಗೇಟಿಗೆ ಹಿಂದಾಗಿ ಬರುತ್ತಿತ್ತು. ಅಳಿಯ "ಬರಲಿ, ಬರಲಿ" ಎಂದು ಕೈ ಬೀಸುತ್ತಿದ್ದ. ಮೇಸ್ತ್ರಿ ಓಡಿದ. ಎಪ್ಪತ್ತೆರಡರ ಮಂಡಿ ಎಷ್ಟು ಓಡಲು ಬಿಡುತ್ತದೋ ಅಷ್ಟು ಓಡಿ, ಗೇಟಿಗೂ ಲಾರಿಗೂ ನಡುವೆ ಕಂಬಿ ಅಡ್ಡ ಹಿಡಿದು ನಿಂತ.

"ಸುರೀಬೇಡ! ವಾಪಸ್ ತಗೊಂಡು ಹೋಗಪ್ಪ!"

"ಏನಾಯ್ತು ಮಾವ?" ಎಂದು ಅಳಿಯ ಕಂಗಾಲಾದ. ಮಗಳು ಒಳಗಿನಿಂದ ಓಡಿ ಬಂದಳು. ಅವಳ ಹಿಂದೆ, ಅಂಗಳದಲ್ಲಿ, ಪೇಂಟಿನ ಬಕೆಟ್ಟಿನ ಗಿಡ ಕಾಣುತ್ತಿತ್ತು.

"ಮರಳು ಹಾಕಿದ್ರೆ ಇದೂ ಸಾಯುತ್ತೆ. ಮೊದಲನೇದು ಹಾಗೇ ಸತ್ತದ್ದು" ಎಂದ ಮೇಸ್ತ್ರಿ, ಏದುಸಿರು ಬಿಡುತ್ತ.

"ಮೊದಲನೇದಾ?" ಮಗಳು ಹುಬ್ಬು ಗಂಟಿಕ್ಕಿದಳು. "ಅದನ್ನ ಮೇಕೆ ತಿಂದದ್ದಲ್ವಾ ಅಪ್ಪ? ಗೇಟು ತೆಗೆದಿತ್ತಂತೆ, ಬೀದಿ ಮೇಕೆ ನುಗ್ಗಿ ಬುಡಸಮೇತ ತಿಂದುಬಿಡ್ತಂತೆ. ಅಮ್ಮ ಎಷ್ಟು ಸಲ ಹೇಳಿದ್ದಾಳೆ. ದೊಡ್ಡಮ್ಮಂದಿರೂ ಅದನ್ನೇ ಹೇಳ್ತಾರೆ. ಅಜ್ಜಿಯಂತೂ ಸಾಯೋವರೆಗೂ ಮೇಕೆ ಕಂಡ್ರೆ ಕೋಲು ಹಿಡೀತಿದ್ರಲ್ಲ!"

ಮೇಸ್ತ್ರಿ ಕಂಬಿಯನ್ನು ಊರಿಕೊಂಡು ನಿಂತ. ಅವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ನಲವತ್ತು ವರ್ಷ ಒಟ್ಟಿಗೇ ಅರ್ಥವಾಯಿತು. ಹೆಂಡತಿ ಬೇರು ತೊಳೆದ ದಿನವೇ ಒಂದು ಮೇಕೆಯನ್ನು ಹುಟ್ಟಿಸಿದ್ದಳು. ಜೇಡಿಗೆ ಮರಳು ಕಲಸಿ ಗಿಡ ಕೊಂದ ಮೇಸ್ತ್ರಿ ಎಂದು ಯಾರೂ ಆಡಿಕೊಳ್ಳದಿರಲಿ ಎಂದು, ಹೆತ್ತ ತಾಯಿಗೂ ಹೇಳದೆ, ಅವನ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡು, ಅವನಿಗೂ ತಿಳಿಸದೆ ಹೋಗಿಬಿಟ್ಟಿದ್ದಳು. ಕೋಲು ಹಿಡಿದು ಓಡುವ ಅತ್ತೆ ಕಣ್ಣ ಮುಂದೆ ಬಂದು ಅವನಿಗೆ ನಗು ಉಕ್ಕಿತು. ನಗುನಗುತ್ತಲೇ ಕಣ್ಣೀರು ಇಳಿಯಿತು, ಒರೆಸಿಕೊಳ್ಳುವುದೂ ತೋಚಲಿಲ್ಲ.

"ಆ ಮೇಕೆ ನಾನೇ ಕಣಮ್ಮ" ಎಂದ.

ಎಲ್ಲವನ್ನೂ ಹೇಳಿದ, ಸುಣ್ಣ ಹಾಕಿದ್ದು, ದಿಮ್ಮಸು ಬಡಿದದ್ದು, ಒಂದನ್ನೂ ಬಿಡದೆ. ಲಾರಿಯವನು ಇಂಜಿನ್ ನಿಲ್ಲಿಸಿ ಕೇಳಿಸಿಕೊಂಡ. ಮುಗಿದ ಮೇಲೆ ಮಗಳು ಅಪ್ಪನ ಕೈಯಿಂದ ಕಂಬಿ ತೆಗೆದುಕೊಂಡು, ತನ್ನ ಹಿತ್ತಲ ನೆಲಕ್ಕೆ ಒತ್ತಿದಳು. ಎರಡು ಬೆರಳು ಇಳಿದು ನಿಂತಿತು.

"ನಿಮ್ಮಮ್ಮ ಶುರು ಮಾಡಿದ್ದೂ ಇಲ್ಲಿಂದಲೇ" ಎಂದ ಮೇಸ್ತ್ರಿ.

ಲಾರಿ ಮರಳಿನ ಸಮೇತ ಹೊರಟುಹೋಯಿತು. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಕತ್ತು ಚಾಚಿದಳು. "ಯಾಕ್ರೀ, ತರಿಸಿದ ಮರಳನ್ನ ಹಾಗೇ ಕಳಿಸಿಬಿಟ್ರಿ?"

ಅಳಿಯ ತಲೆ ಬಗ್ಗಿಸಿ ಚಪ್ಪಲಿ ನೋಡತೊಡಗಿದ. ಮಗಳು ಒಂದು ಸಲ ಗಂಡನನ್ನು, ಒಂದು ಸಲ ಅಪ್ಪನನ್ನು ನೋಡಿದಳು.

"ಮರಳು ಚೆನ್ನಾಗಿರಲಿಲ್ಲ ಕಣ್ರೀ, ಬರೀ ಧೂಳು" ಎಂದಳು. "ನಮ್ಮನೆಯವರು ನೋಡಿದ ತಕ್ಷಣ ಕಂಡುಹಿಡಿದುಬಿಟ್ರು. ಅದಿರಲಿ, ನಿಮ್ಮನೇಲಿ ದಿನಾ ತರಕಾರಿ ಸಿಪ್ಪೆ ಏನು ಮಾಡ್ತೀರಿ?"